ಮಲಗಿ ನೋಡಿದ ಮನೆ

“ಅಲ್ಲಿ ಹೋಗಿ ಮಲಗಬಾರದು ಮತ್ತೆ. ಮಾತು ಕೊಡು.”

ಅವ್ವ ಮಾತು ಕೊಡಲಿಲ್ಲ. ರಸ್ತೆಯುದ್ದಕ್ಕೂ ಒಂದೇ ಎತ್ತರಕ್ಕೆ ಕತ್ತರಿಸಿ ನಿಲ್ಲಿಸಿದ್ದ ಬೇಲಿಗಿಡಗಳನ್ನು ಬೆರಳಿನಿಂದ ಸವರುತ್ತ, “ಇಷ್ಟು ಸಮನಾಗಿ ಇದನ್ನ ಯಾವ ಕುರಿ ಮೇಯ್ದಿದ್ದು?” ಎಂದಳು.

“ಅವ್ವಾ, ನಾನು ಹೇಳಿದ್ದು ಕಿವಿಗೆ ಬಿತ್ತಾ ಇಲ್ವಾ?”

“ಬಿತ್ತು ಕಣೆ. ಬರೀ ಕೂತ್ಕೋತೀನಿ. ಕೂರೋದಕ್ಕೂ ನಿನ್ನ ಅಪ್ಪಣೆ ಬೇಕಾ?”

ಕೂತರೆ ಅವ್ವ ಒರಗುತ್ತಾಳೆ, ಒರಗಿದರೆ ಮಲಗುತ್ತಾಳೆ ಎಂಬುದು ಮಗಳಿಗೆ ಗೊತ್ತಿತ್ತು. ಅವ್ವನ ಹೆಗಲ ಮೇಲೆ ಮಡಿಸಿದ ಕಂಬಳಿ ಇತ್ತು. ಇಂಥ ಬೀದಿಗೆ ಅದು ಬೇಡ, ಡಿಪೋದಲ್ಲೇ ಬಿಟ್ಟು ಬಾ ಎಂದು ಎಷ್ಟು ಗೋಗರೆದರೂ ಕೇಳಿರಲಿಲ್ಲ. ಹೆಗಲು ಖಾಲಿಯಿದ್ದರೆ ತನಗೆ ನಡೆಯಲು ಬರುವುದಿಲ್ಲ ಎಂದು ಅದನ್ನು ಹೊತ್ತುಕೊಂಡೇ ಬಂದಿದ್ದಳು.

ಮಗಳು ಬಸ್ಸು ಓಡಿಸುವವಳು. ಊರು ಕಣ್ಣು ಬಿಡುವ ಮೊದಲೇ ಡಿಪೋದಿಂದ ಹೊರಡುವ ಮೊದಲ ಬಸ್ಸು ಅವಳದು. ದಿನವೂ ಅದರಲ್ಲಿ ಹೋಗುವ ಜನ ಅವಳನ್ನು ಡ್ರೈವರಮ್ಮ ಎಂದೇ ಕರೆಯುತ್ತಿದ್ದರು. ಡಿಪೋ ಈ ಬಡಾವಣೆಗಿಂತ ಹಳೆಯದು. ಒಂದು ಕಾಲಕ್ಕೆ ಊರಾಚೆಯ ಬಯಲಿನಲ್ಲಿ ಬಸ್ಸು ನಿಲ್ಲಿಸಲೆಂದು ಕಟ್ಟಿದ ಶೆಡ್ಡು ಅದು. ಆಮೇಲೆ ಊರು ಬೆಳೆದು, ಹಣವಂತರು ಬಂದು, ಮರ ನೆಟ್ಟು, ಕಲ್ಲು ಹಾಸಿ, ಡಿಪೋವನ್ನು ಎತ್ತಿಸಲು ಆದಷ್ಟು ನೋಡಿ, ಕೊನೆಗೆ ಅದರ ಸುತ್ತ ಎತ್ತರದ ಗೋಡೆಯೊಂದನ್ನು ಕಟ್ಟಿಸಿ ಸುಮ್ಮನಾಗಿದ್ದರು. ಡ್ರೈವರಮ್ಮ ಈ ಬೀದಿಯಲ್ಲಿ ವರ್ಷಗಟ್ಟಲೆ ಬಸ್ಸು ಓಡಿಸಿದ್ದಳೇ ಹೊರತು ಕಾಲಿಟ್ಟು ನಡೆದವಳಲ್ಲ. ಸ್ಟಿಯರಿಂಗಿನ ಎತ್ತರದಿಂದ ಅವಳಿಗೆ ಕಾಣುತ್ತಿದ್ದದ್ದು ಮೇಲಿನ ಅಂತಸ್ತಿನ ಕಿಟಕಿಗಳು, ಅವುಗಳ ಹಿಂದಿನ ದೀಪ, ಯಾವಾಗಲೋ ಒಮ್ಮೆ ಹಲ್ಲುಜ್ಜುತ್ತ ನಿಂತ ಯಾರೋ ಒಬ್ಬರು. ಬಾಗಿಲುಗಳು ಇಷ್ಟು ದೊಡ್ಡವು ಎಂಬುದು ಇವತ್ತು ನಡೆದು ಬಂದಾಗಲೇ ತಿಳಿದದ್ದು.

ಮೊದಲ ಬಸ್ಸಿನವರು ಡಿಪೋಗೆ ನಡೆದು ಬರುವಷ್ಟು ಹತ್ತಿರದಲ್ಲಿರಬೇಕು. ಅವರನ್ನು ಕರೆತರಲು ಅದಕ್ಕಿಂತ ಮೊದಲಿನ ಬಸ್ಸು ಇರುವುದಿಲ್ಲವಲ್ಲ. ಅದಕ್ಕೇ ಅವಳು ಡಿಪೋದಲ್ಲಿ ಹೆಂಗಸರಿಗೆಂದು ಇದ್ದ ಕೋಣೆಯಲ್ಲಿ, ಕಬ್ಬಿಣದ ಮಂಚದ ಮೇಲೆ ಮಲಗುತ್ತಿದ್ದಳು. ಮಲಗುತ್ತಿದ್ದಳು ಎನ್ನುವುದಕ್ಕಿಂತ, ಎಲ್ಲಿ ಎಚ್ಚರವಾಗದೆ ಹೋದೀತೋ ಎಂದು ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಅವಳ ಮಗಳು ಹಳ್ಳಿಯಲ್ಲಿ ಅವ್ವನ ಹತ್ತಿರ ಬೆಳೆಯುತ್ತಿದ್ದಳು. ಕೂತಲ್ಲಿ ಕೂರದ ಹುಡುಗಿ ಎಂದು ಅವ್ವ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದಳು. ಈಗ ಎಲ್ಲರ ಬಾಯಲ್ಲೂ ಅದೇ ನಿಂತಿತ್ತು. ವಾರದ ರಜೆಗೆ ಹೋದರೆ ಒಂದು ಹಗಲು, ಮತ್ತೆ ವಾಪಸು. ಹೋದ ಸಲ ಹೋದಾಗ ಮಿಡತೆ ತನ್ನ ಗೆಳತಿಯೊಬ್ಬಳನ್ನು ಎಳೆದುಕೊಂಡು ಬಂದು ತೋರಿಸಿದ್ದಳು: “ಇವರು ನಮ್ಮಮ್ಮ. ರಜಾ ಇದ್ದಾಗ ಬರ್ತಾರೆ.”

ಬರ್ತಾರೆ! ಶಾಲೆಯ ಮೇಷ್ಟರ ಬಗ್ಗೆ ಮಾತಾಡುವ ಹಾಗೆ. ಆ ಮರ್ಯಾದೆ ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಉಳಿದಿತ್ತು. ಶಾಲೆ ಶುರುವಾಗುವುದರೊಳಗೆ ಮಗುವನ್ನು ಕರೆಸಿಕೊಳ್ಳಲೇಬೇಕೆಂದು ಅವತ್ತೇ ಗಟ್ಟಿ ಮಾಡಿಕೊಂಡಿದ್ದಳು.

ಆದರೆ ನಸುಕಿನಲ್ಲಿ ತಾಯಿ ಹೊರಟರೆ ಮಗುವಿನ ಹತ್ತಿರ ಯಾರಿರಬೇಕು? ಅವ್ವನೇ ಬರಬೇಕು. ಅವ್ವ ಬರುವುದಿಲ್ಲ ಎಂದವಳಲ್ಲ. ಕುರಿಗಳನ್ನು ತನ್ನ ತಮ್ಮನ ಮಂದೆಗೆ ಸೇರಿಸಲೂ ಒಪ್ಪಿದ್ದಳು. ಅವಳದು ಒಂದೇ ಪಟ್ಟು. “ಮನೇನ ಮಲಗಿ ನೋಡ್ತೀನಿ. ನಿದ್ದೆ ಬಂದ್ರೆ ಬರ್ತೀನಿ.” ಹೊಸ ದೊಡ್ಡಿಗೆ ಕುರಿ ಕೂಡುವ ಮೊದಲು ತಾನೇ ಅದರ ನೆಲದ ಮೇಲೊಂದು ನಿದ್ದೆ ತೆಗೆದು ನೋಡುವುದು ಅವಳಿಗೆ ಅಪ್ಪನಿಂದ ಬಂದ ಕಸುಬಿನ ಅಭ್ಯಾಸ. ತೇವ ಎಲ್ಲಿ ಏರುತ್ತದೆ, ಗಾಳಿ ಯಾವ ಸಂದಿಯಿಂದ ನುಗ್ಗುತ್ತದೆ ಎಂಬುದು ನಿಂತು ನೋಡುವವರಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದಳು. ಹಿಂದೊಮ್ಮೆ, ಮೊದಲ ಬಸ್ಸಿನ ಕೆಲಸ ಸಿಗುವ ಮುಂಚೆ, ಮಗಳು ಊರಂಚಿನ ಎತ್ತರದ ಕಟ್ಟಡವೊಂದರ ತುದಿಯಲ್ಲಿ ಕೋಣೆ ಹಿಡಿದು ಇಬ್ಬರನ್ನೂ ಕರೆಸಿಕೊಂಡಿದ್ದಳು. ಅಲ್ಲಿ ಅವ್ವ ರೆಪ್ಪೆ ಮುಚ್ಚಲಿಲ್ಲ. ಗೋಡೆಗೆ ಒರಗಿ ಕೂತೇ ದಿನ ಕಳೆದು, ಕಣ್ಣು ಗುಳಿ ಬಿದ್ದು, ಕೊನೆಗೆ “ಇದು ಸತ್ತ ನೆಲ ಕಣೆ, ಇದರ ಮೇಲೆ ನನ್ನ ಕೈಲಾಗಲ್ಲ” ಎಂದು ಮಗುವನ್ನು ಎತ್ತಿಕೊಂಡು ಹೊರಟುಬಿಟ್ಟಿದ್ದಳು. ಸತ್ತ ನೆಲ ಎಂದರೇನು ಎಂದು ಮಗಳು ಕೇಳಿರಲಿಲ್ಲ. ಕೇಳುವ ತಾಳ್ಮೆ ಆಗ ಅವಳಲ್ಲಿ ಇರಲಿಲ್ಲ.

ಈ ಮನೆಯ ಜಾಹೀರಾತನ್ನು ಮೊದಲು ನೋಡಿದವಳು ಡಿಪೋ ಕ್ಯಾಂಟೀನಿನ ಅಕ್ಕ. ಬಾಡಿಗೆಯನ್ನು ಓದಿ, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿ, “ಈ ಬಡಾವಣೇಲಿ ಇಷ್ಟು ಬಾಡಿಗೆಗೆ ಕಾರು ನಿಲ್ಲಿಸೋಕೂ ಜಾಗ ಸಿಗಲ್ಲ. ಏನೋ ಐಬಿರಬೇಕು ನೋಡು,” ಎಂದಿದ್ದಳು. ಐಬು ಏನೇ ಇರಲಿ, ಸಂಬಳಕ್ಕೆ ಹೇಗೋ ಹೊಂದುತ್ತಿತ್ತು. ಹೊಂದದೇ ಇದ್ದದ್ದು ಕೊನೆಯ ಸಾಲು: ಮಕ್ಕಳಿರುವವರು ವಿಚಾರಿಸಬೇಕಾಗಿಲ್ಲ.

“ಮೊದಲು ಬೀಗದ ಕೈ ನಿನ್ನ ಕೈಗೆ ಬರಲಿ,” ಎಂದು ಅಕ್ಕ ಉಪಾಯ ಹೇಳಿಕೊಟ್ಟಿದ್ದಳು. “ಆಮೇಲೆ ಮಗು ಬಂತು ಅಂದ್ರೆ ಯಾರು ಹಿಡಿದು ಆಚೆ ಹಾಕ್ತಾರೆ? ಮಿಡತೆ ಇವತ್ತು ನನ್ನ ಹತ್ರ ಇರಲಿ. ಬಾಯಿಗೊಂದು ಬನ್ನು ಕೊಟ್ರೆ ಸದ್ದಿರಲ್ಲ.”

ಹೀಗೆ ಮಗುವನ್ನು ಕ್ಯಾಂಟೀನಿನ ಕೌಂಟರಿನ ಹಿಂದೆ ಕೂರಿಸಿ, ಅವ್ವನಿಗೆ ದಾರಿಯುದ್ದಕ್ಕೂ ಪಾಠ ಹೇಳುತ್ತ ಬಂದಿದ್ದಳು. ಮಗುವಿನ ಮಾತೆತ್ತಬಾರದು. ಕುರಿಯ ಮಾತೂ ಬೇಡ. ಯಾರಾದರೂ ಏನಾದರೂ ಕೇಳಿದರೆ ನಕ್ಕು ಸುಮ್ಮನಿರಬೇಕು. ಮಲಗಬಾರದು.

“ಉಸಿರಾಡಬಹುದಾ?” ಎಂದಳು ಅವ್ವ, ಗೇಟಿನ ಹತ್ತಿರ ಬಂದಾಗ.

ಮನೆ ಕಟ್ಟಡದ ಹಿಂಬದಿಗೆ, ನೆಲ ಅಂತಸ್ತಿನಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ಬ್ರೋಕರ್ ಮೈಗೆಲ್ಲ ಸೆಂಟು ಹೊಡೆದುಕೊಂಡು, ಬಂದವರಿಗೆಲ್ಲ ಒಂದೇ ಅಳತೆಯ ನಗು ಹಂಚುತ್ತಿದ್ದ. ಒಳಗೆ ಆಗಲೇ ಜನ ಇದ್ದರು. ಹೊಸದಾಗಿ ಮದುವೆಯಾದ ಜೋಡಿಯೊಂದು ಅಡುಗೆಮನೆಯ ಕಪಾಟುಗಳನ್ನು ಒಂದೊಂದೇ ತೆಗೆದು ಮುಚ್ಚುತ್ತಿತ್ತು. ದಪ್ಪ ಕನ್ನಡಕದ ಮನುಷ್ಯನೊಬ್ಬ ಕೆಂಪು ಬೆಳಕು ಬಿಡುವ ಅಳತೆಯ ಯಂತ್ರ ಹಿಡಿದು ಗೋಡೆಯಿಂದ ಗೋಡೆಗೆ ಅಳೆದು ಗೊಣಗಿಕೊಳ್ಳುತ್ತಿದ್ದ. ಮನೆಯಲ್ಲಿದ್ದ ಒಂದೇ ಒಂದು ಕುರ್ಚಿಯ ಮೇಲೆ, ಊರುಗೋಲನ್ನು ತೊಡೆಗೆ ಅಡ್ಡ ಇಟ್ಟುಕೊಂಡು, ಬಿಳಿ ಕೂದಲಿನ ಹೆಂಗಸೊಬ್ಬರು ಕೂತಿದ್ದರು. ಮಡಿಲಲ್ಲಿ ಬೀಗದ ಕೈಗಳ ಗೊಂಚಲು.

“ಮನೆ ಒಡತಿ. ಹಲ್ಲಿನ ಡಾಕ್ಟರಾಗಿದ್ದೋರು. ಮೇಲಿನ ಮನೇಲೇ ಇದ್ದಾರೆ,” ಎಂದು ಬ್ರೋಕರ್ ಪಿಸುಗುಟ್ಟಿದ. “ಜಾಸ್ತಿ ಮಾತಾಡಿಸಬೇಡಿ ಮೇಡಂ. ಅವರೇ ನೋಡ್ತಾರೆ, ಅವರೇ ಆರಿಸ್ತಾರೆ.”

ಡಾಕ್ಟರಮ್ಮ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಡ್ರೈವರಮ್ಮ ನಮಸ್ಕಾರ ಹೇಳಿ ನಕ್ಕಾಗ ಆ ಕಣ್ಣುಗಳು ಅವಳ ಮುಂದಿನ ಹಲ್ಲಿನ ಮೇಲೆ ಒಂದು ಗಳಿಗೆ ನಿಂತು ಮುಂದೆ ಹೋದವು. ಅವಳು ಥಟ್ಟನೆ ಬಾಯಿ ಮುಚ್ಚಿಕೊಂಡಳು.

ಮನೆ ಮಾತ್ರ ನೋಡಿದ ಕೂಡಲೇ ಮನಸ್ಸಿನೊಳಗೆ ಇಳಿದುಬಿಟ್ಟಿತು. ಚಿಕ್ಕ ಅಡುಗೆಮನೆ, ಬಿಳಿ ಟೈಲ್ಸ್ ಹಾಸಿದ ಬಚ್ಚಲು, ಹಜಾರ, ಅದರಾಚೆ ಹಿತ್ತಲಿನ ಕಡೆಗೆ ಕಿಟಕಿಯಿದ್ದ ಒಂದು ಕೋಣೆ. ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ಮರದ ಹಲಗೆ ಹಾಸಿದ ನೆಲದ ಮೇಲೆ ಚಾಪೆ ಬಿಡಿಸಿದಂತೆ ಬಿದ್ದಿತ್ತು. ಕಿವಿಗೊಟ್ಟರೆ ಡಿಪೋದಲ್ಲಿ ಬಸ್ಸು ಹಿಂದಕ್ಕೆ ತೆಗೆಯುವ ಪೀಂಪೀಂ ಸದ್ದೂ ಕೇಳಿಸುತ್ತಿತ್ತು. ಬಾಗಿಲ ಹಿಂದೆ ಯಾರೋ ಹೊಡೆದು ಬಿಟ್ಟುಹೋದ ಮೊಳೆಯೊಂದಿತ್ತು. ಶಾಲೆಯ ಚೀಲ ತಗುಲಿಹಾಕಲು ಸರಿಯಾದ ಎತ್ತರ. ಅವಳು ಅದನ್ನು ಮುಟ್ಟಿ, ಯಾರಾದರೂ ನೋಡಿದರೇನೋ ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಆಗ ನೆಲ ನಡುಗಿತು.

ಜೋರಾಗಿ ಅಲ್ಲ. ಪಾದದಡಿಯಲ್ಲಿ ಎಲ್ಲೋ ಏನೋ ಉರುಳಿದಂತೆ, ಹಲಗೆಗಳು ಗುಂಯ್ ಎಂದವು. ಕಪಾಟಿನ ಗಾಜು ಕಟಕಟನೆ ಹಲ್ಲು ಕಡಿಯಿತು. ಆಮೇಲೆ ಎಲ್ಲ ನಿಂತಿತು.

“ಏನ್ರೀ ಅದು?” ಎಂದ ಅಳತೆಯ ಮನುಷ್ಯ.

“ಲಾರಿ ಸಾರ್, ಲಾರಿ. ಮುಂದಿನ ಬೀದೀಲಿ ಹೋಯ್ತು,” ಎಂದ ಬ್ರೋಕರ್, ನಗುವಿನ ಅಳತೆ ತಪ್ಪದಂತೆ.

ಈ ಬೀದಿಗೆ ಲಾರಿ ಬಿಡುವುದಿಲ್ಲ. ಬೀದಿಯ ಬಾಯಲ್ಲೇ ಬೋರ್ಡು ಹಾಕಿದ್ದಾರೆ. ದಿನಾ ಅದನ್ನು ದಾಟಿ ಬಸ್ಸು ತಿರುಗಿಸುವವಳಿಗೆ ಅದು ಗೊತ್ತಿರದೆ ಇರುತ್ತದೆಯೇ? ಆದರೆ ಡ್ರೈವರಮ್ಮ ತುಟಿ ಬಿಚ್ಚಲಿಲ್ಲ. ತಾನೂ ಒಂದು ಸುಳ್ಳನ್ನು ಕ್ಯಾಂಟೀನಿನ ಕೌಂಟರಿನ ಹಿಂದೆ ಕೂರಿಸಿ ಬಂದವಳು. ಐಬು ಇದೇ ಆಗಿದ್ದರೆ ಇರಲಿ, ಬೇರೆಯವರು ಬೇಡವೆಂದು ಹೋಗಲಿ ಎಂದುಕೊಂಡು, ಬ್ರೋಕರನ ಹಿಂದೆ ಅಡುಗೆಮನೆಗೆ ಹೋಗಿ ಅವನು ಕೇಳಿದ್ದಕ್ಕೆ ಉತ್ತರ ಹೇಳತೊಡಗಿದಳು. ಏನು ಕೆಲಸ, ಎಷ್ಟು ವರ್ಷದಿಂದ, ಯಾರು ಯಾರು ಇರುತ್ತೀರಿ.

“ನಾನು, ನಮ್ಮವ್ವ.”

“ಅಷ್ಟೇ ತಾನೆ?”

“ಅಷ್ಟೇ.”

ಹೇಳಿ ತಿರುಗಿ ನೋಡಿದರೆ ಹಜಾರದಲ್ಲಿ ಅವ್ವ ಇರಲಿಲ್ಲ.

ಹಿಂದಿನ ಕೋಣೆಯಲ್ಲಿ, ಬಿಸಿಲು ಬಿದ್ದ ಜಾಗದಲ್ಲೇ, ಕಂಬಳಿಯನ್ನು ತಲೆದಿಂಬು ಮಾಡಿಕೊಂಡು, ಒಂದು ಅಂಗೈಯನ್ನು ನೆಲಕ್ಕೆ ಚಾಚಿ ಇಟ್ಟು ಅವ್ವ ಮಲಗಿದ್ದಳು. ಮಲಗಿದ್ದಳಷ್ಟೇ ಅಲ್ಲ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಳು. ಅಳತೆಯ ಮನುಷ್ಯ ಯಂತ್ರ ಹಿಡಿದು ಅವಳ ತಲೆಯ ಹತ್ತಿರ ಇಕ್ಕಟ್ಟಿನಲ್ಲಿ ನಿಂತಿದ್ದ. ಯಂತ್ರದ ಕೆಂಪು ಬೆಳಕು ಅವ್ವನ ಒಡೆದ ಹಿಮ್ಮಡಿಯ ಮೇಲೆ ಬಿದ್ದಿತ್ತು.

“ಅಮ್ಮಾ, ಸ್ವಲ್ಪ ಸರೀತೀರಾ? ಗೋಡೆ ಅಳೀಬೇಕಿತ್ತು,” ಎಂದು ಅವನು ಬಹಳ ವಿನಯದಿಂದ ಕೇಳುತ್ತಿದ್ದ. “ಇಲ್ಲಿಂದ ಅಲ್ಲೀವರೆಗೆ ಮೀನಿನ ತೊಟ್ಟಿ ಬರ್ಬೇಕು ನನಗೆ...”

ಡ್ರೈವರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ. ಆದರೆ ಮತ್ತೆ ನಡುಗಿತು. ಈ ಸಲ ಮೊದಲಿಗಿಂತ ಉದ್ದಕ್ಕೆ. ಕಿಟಕಿಯ ಚೌಕಟ್ಟು ಕುಣಿಯಿತು. ಅವ್ವನಿಗೆ ಎಚ್ಚರವಾಗಲಿಲ್ಲ. ಕಣ್ಣು ಮುಚ್ಚಿಕೊಂಡೇ ನಾಲಿಗೆಯಿಂದ ಲೊಚಗುಟ್ಟಿ, “ಹೋಯ್... ಹೋಗ್ರೇ, ಮುಂದಕ್ಕೆ ಹೋಗ್ರೇ, ನೂಕಾಡಬೇಡಿ...” ಎಂದು ಯಾರಿಗೋ ಹೇಳಿ, ಮಗ್ಗುಲಾಗಿ ಮತ್ತೆ ಗೊರಕೆಗಿಳಿದಳು.

ಬಾಗಿಲಿಗೆ ಬಂದಿದ್ದ ಮದುಮಗಳು ಕಿಸಕ್ಕನೆ ನಕ್ಕಳು. ಮರುಗಳಿಗೆ ನಗು ನಿಲ್ಲಿಸಿ ಗಂಡನ ತೋಳು ಹಿಡಿದಳು. “ಇದು ಲಾರಿ ಅಲ್ಲ ಕಣ್ರೀ. ಕೆಳಗಿಂದ ಬರ್ತಿದೆ.”

“ಲಾರಿ ಕೆಳಗಿಂದಾನೇ ಬರೋದು ಮೇಡಂ, ಮೇಲಿಂದ ಬರೋಕಾಗುತ್ತಾ?” ಎಂದ ಬ್ರೋಕರ್.

ಜೋಡಿ ಹೋಯಿತು. ಅಳತೆಯ ಮನುಷ್ಯ ಮಾತ್ರ ಸ್ವಲ್ಪ ಹೊತ್ತು ನಿಂತ. “ಮನೆ ಚೆನ್ನಾಗಿದೆ. ಆದ್ರೆ ಮೀನುಗಳು ಗಾಬರಿ ಬೀಳ್ತವೆ, ಪಾಪ,” ಎಂದು ಯಂತ್ರವನ್ನು ಜೇಬಿಗಿಳಿಸಿ, ಮಲಗಿದ್ದವಳನ್ನು ಬಳಸಿಕೊಂಡು, ಸದ್ದಾಗದ ಹಾಗೆ ಹೊರಗೆ ನಡೆದ.

ಈಗ ಉಳಿದದ್ದು ಊರುಗೋಲಿನ ಟಕ್ ಟಕ್ ಸದ್ದು. ಡಾಕ್ಟರಮ್ಮ ಎದ್ದು ಬರುತ್ತಿದ್ದರು.

“ಅವ್ವಾ, ಏಳೇ! ಅವ್ವಾ!”

“ಎಬ್ಬಿಸಬೇಡಮ್ಮ,” ಎಂದರು ಡಾಕ್ಟರಮ್ಮ. ಊರುಗೋಲಿನ ಮೇಲೆ ಭಾರ ಬಿಟ್ಟು ನಿಧಾನಕ್ಕೆ ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು, ಅವ್ವನ ತೆರೆದ ಬಾಯಿಯೊಳಗೆ ಇಣುಕಿದರು. ಬಲಕ್ಕೆ ಇಣುಕಿದರು, ಎಡಕ್ಕೆ ಇಣುಕಿದರು. “ದವಡೆ ಹಲ್ಲು ಒಂದೂ ಹೋಗಿಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನೆಟ್ಟಗೆ ನಿಂತು, “ನನ್ನ ಮುಂದೆ ಬಾಯಿ ತೆರೆದವರೆಲ್ಲ ಹೆದರಿಕೊಂಡೇ ತೆರೆದಿದ್ದು. ಇಷ್ಟು ನೆಮ್ಮದಿಯಾಗಿ ತೆರೆದ ಬಾಯಿ ಇವತ್ತೇ ನೋಡ್ತಿರೋದು,” ಎಂದರು.

ಬಾಯಿಗೆ ನೆರಳು ಬಿದ್ದದ್ದಕ್ಕೋ ಏನೋ, ಅವ್ವ ಕಣ್ಣು ಬಿಟ್ಟಳು. ತಲೆಯ ಹತ್ತಿರವೇ ನಿಂತಿದ್ದ ಡಾಕ್ಟರಮ್ಮನನ್ನು ನೋಡಿ ಒಂದಿಷ್ಟೂ ಗಲಿಬಿಲಿಯಾಗದೆ ಎದ್ದು ಕೂತು, ಕೂದಲು ಸವರಿಕೊಂಡು, ಸುತ್ತ ಕಣ್ಣು ಹಾಯಿಸಿ ಮಗಳಿಗೆ ಹೇಳಿದಳು:

“ಬಂತು ಕಣೆ ನಿದ್ದೆ. ಈ ಮನೆ ಆಗುತ್ತೆ. ಮಿಡತೇನ ಮಾತ್ರ ಈ ಗೋಡೆ ಕಡೆ ಮಲಗಿಸೋಣ. ಕಿಟಕಿ ಕಡೆ ಗಾಳಿ ನುಗ್ಗುತ್ತೆ, ಮಗೂಗೆ ನೆಗಡಿ ಆಗುತ್ತೆ.”

ಬ್ರೋಕರ್ ಮೊದಲ ಸಲ ನಗುವುದನ್ನು ಮರೆತ.

“ಮಗುವಾ?” ಎಂದರು ಡಾಕ್ಟರಮ್ಮ. “ನೀನು, ನಿಮ್ಮವ್ವ, ಅಷ್ಟೇ ಅಂತ ಹೇಳಿದ್ದು ನನಗೂ ಕೇಳಿಸಿತ್ತಲ್ಲಮ್ಮ.”

ಅವ್ವ ನಾಲಿಗೆ ಕಚ್ಚಿಕೊಂಡು ಮಗಳ ಮುಖ ನೋಡಿದಳು. ಡ್ರೈವರಮ್ಮ ಈಗ ಇನ್ನೊಂದು ಸುಳ್ಳು ಹೇಳಬಹುದಿತ್ತು. ನೆಂಟರ ಮಗು, ಯಾವಾಗಲಾದರೂ ಬರುತ್ತದೆ ಎಂದು. ನಾಲಿಗೆಯ ತುದಿಯವರೆಗೆ ಬಂದದ್ದು ಅಲ್ಲಿಂದಾಚೆ ಬರಲಿಲ್ಲ. ಆ ಮಗುವನ್ನು ತನ್ನದಲ್ಲ ಎನ್ನಲು ಅವಳಿಗೆ ಬಾಯಿಯೇ ಇರಲಿಲ್ಲ.

“ನನ್ನ ಮಗಳು 'ಬರ್ತಾರೆ' ಅಂತಾಳೆ ನನಗೆ,” ಎಂದುಬಿಟ್ಟಳು. ಹೇಳಬೇಕೆಂದುಕೊಂಡದ್ದು ಅದಲ್ಲ, ಆದರೆ ಬಂದದ್ದು ಅದೇ. “ನೆಂಟರ ಬಗ್ಗೆ ಹೇಳೋ ಹಾಗೆ. ಡಿಪೋದಲ್ಲಿ ಮಲಗ್ತೀನಿ ನಾನು, ಅಲ್ಲಿ ಮಕ್ಕಳನ್ನ ಇಟ್ಕೊಳ್ಳೋ ಹಾಗಿಲ್ಲ. ಶಾಲೆ ಶುರುವಾಗೋದ್ರೊಳಗೆ ಕರೆಸ್ಕೋಬೇಕು. ಮಕ್ಕಳಿರೋರು ಬೇಡ ಅಂತ ನೀವು ಹಾಕಿದ್ರಿ, ಅದಕ್ಕೇ ಹೇಳ್ಲಿಲ್ಲ. ತಪ್ಪಾಯ್ತು ಡಾಕ್ಟರಮ್ಮ. ಬಾ ಅವ್ವಾ, ಹೋಗೋಣ.”

“ನಿಲ್ಲು.” ಡಾಕ್ಟರಮ್ಮ ಊರುಗೋಲಿನಿಂದ ಬ್ರೋಕರನ ಕಡೆ ತೋರಿಸಿದರು. “ಲಾರಿ ಅಂದೆಯಲ್ಲಪ್ಪ, ಎಷ್ಟು ಚಕ್ರದ್ದು ಅದು?”

“ಮೇಡಂ, ಅದು... ವ್ಯಾಪಾರದ ಮಾತು...”

“ಬಂದರಿಗೆ ಹೋಗೋ ಗೂಡ್ಸ್ ರೈಲು ಕಣಮ್ಮ ಅದು,” ಎಂದು ಅವರು ಡ್ರೈವರಮ್ಮನತ್ತ ತಿರುಗಿದರು. “ಈ ಮನೆ ಕೆಳಗೇ ಸುರಂಗ ಇದೆ. ಇವತ್ತು ರಜೆ, ಸ್ವಲ್ಪ ಕಡಿಮೆ. ಬೇರೆ ದಿನ ಹಗಲೂ ಹೋಗುತ್ತೆ, ರಾತ್ರೀನೂ ಹೋಗುತ್ತೆ. ಅದಕ್ಕೇ ಇವನು ಜನರನ್ನ ರಜಾ ದಿನ ಕರೆಸೋದು, ನಾನೂ ಸುಮ್ಮನೆ ಕೂತ್ಕೊಂಡು ನೋಡೋದು. ಬಂದವರು ಬಂದ ಹಾಗೇ ಹೋಗ್ತಾರೆ. ಈ ಮನೇಲಿ ಮೊದಲು ಸುಳ್ಳು ಹೇಳಿದ್ದು ನೀನಲ್ಲ.”

ಅವರಿಗೆ ನಿಲ್ಲುವುದು ಕಷ್ಟವಾಗುತ್ತಿತ್ತು. ಬ್ರೋಕರ್ ಓಡಿಹೋಗಿ ಕುರ್ಚಿ ತಂದು ಹಾಕಿದ. ಕೂತು, ಮಡಿಲಿಗೆ ಗೊಂಚಲು ಹಾಕಿಕೊಂಡು, ಬಿಸಿಲಿನಲ್ಲಿ ಕೂತಿದ್ದ ಅವ್ವನನ್ನು ಕೇಳಿದರು: “ನಿಮಗೆ ಹೇಗೆ ನಿದ್ದೆ ಬಂತು ಇಲ್ಲಿ? ಒಬ್ಬರಿಗೂ ಬರಲ್ಲ.”

“ನೆಲ ಅಲ್ಲಾಡ್ತಿತ್ತಲ್ಲ ಅಕ್ಕಾ, ಅದಕ್ಕೇ ಬಂತು,” ಎಂದಳು ಅವ್ವ. ಅಕ್ಕಾ ಎಂದದ್ದಕ್ಕೆ ಬ್ರೋಕರ್ ಬೆಚ್ಚಿದ, ಡಾಕ್ಟರಮ್ಮ ಬೆಚ್ಚಲಿಲ್ಲ. “ನಾನು ಹುಟ್ಟಿದಾಗಿಂದ ಮಂದೆ ಪಕ್ಕ ಮಲಗಿದೋಳು. ಕುರಿ ಕಾಲು ಬದಲಾಯಿಸ್ತಾ, ಮೈ ಒದರ್ತಾ ಇದ್ರೆ ನೆಲ ಹಿಂಗೇ ಗುಂಯ್ ಅಂತಿರುತ್ತೆ. ಅಂದ್ರೆ ಎಲ್ಲಾ ಸರಿಯಾಗಿದೆ ಅಂತ. ಹಂಗೇ ನಿದ್ದೆ. ಯಾವಾಗ ನೆಲ ಸುಮ್ಮನಾಯ್ತೋ, ಗಕ್ಕನೆ ಎಚ್ಚರ. ತೋಳ ಬಂದಾಗ ಕುರಿಗಳೆಲ್ಲ ಉಸಿರು ಹಿಡಿದು ನಿಂತುಬಿಡ್ತವೆ ನೋಡಿ, ಅದಕ್ಕೆ. ಮುಂದಾಳು ಕುರಿ ಕೊರಳಲ್ಲಿ ಒಂದು ಗಂಟೆ ಕಟ್ಟಿರ್ತೀವಿ, ಅದೂ ಕಿಣಿ ಅನ್ನಲ್ಲ. ಇವಳು ಒಂದ್ಸಲ ಆಕಾಶದಲ್ಲಿ ಮನೆ ಮಾಡಿದ್ಲು. ಅಲ್ಲಿ ನೆಲ ಯಾವಾಗ್ಲೂ ಸುಮ್ಮನೆ. ನಾನೆಂಗೆ ಮಲಗ್ಲಿ?”

ಡ್ರೈವರಮ್ಮ ಅವ್ವನನ್ನು ನೋಡಿದಳು. ಒಂದು ಮಾತು ಕೇಳಿದ್ದರೆ ತಿಳಿಯುತ್ತಿತ್ತು. ಆಗ ಕೇಳಿರಲಿಲ್ಲ.

ಡಾಕ್ಟರಮ್ಮ ಗೊಂಚಲಿನ ಬೀಗದ ಕೈಗಳನ್ನು ಒಂದೊಂದಾಗಿ ಸರಿಸುತ್ತಿದ್ದರು. “ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲಮ್ಮ,” ಎಂದರು ಕೊನೆಗೆ. “ಹಿಂದೆ ಇದ್ದವರಿಗೆ ಒಂದು ಪುಟ್ಟ ಗಂಡು ಮಗು ಇತ್ತು. ರೈಲು ಬಂದಾಗೆಲ್ಲ ಬೆಚ್ಚಿ ಬೀಳ್ತಿತ್ತು. ಮೇಲೆ ಕೂತು ಅದರ ಅಳು ಕೇಳಿ ಕೇಳಿ... ನಾನೇ ಹೋಗಿ, ಬೇರೆ ಮನೆ ನೋಡ್ಕೊಳ್ಳಿ, ಮುಂಗಡ ಪೂರ್ತಿ ವಾಪಸು ಕೊಡ್ತೀನಿ ಅಂದೆ. ಆಮೇಲೆ ಆ ಸಾಲು ಹಾಕಿಸಿದ್ದು. ಇನ್ನೊಂದು ಮಗು ಹಾಗೆ ಅಳೋದನ್ನ ಕೇಳೋಕೆ ನನ್ನಿಂದಾಗಲ್ಲ.” ತಲೆಯೆತ್ತಿದರು. “ಮಗು ಎಲ್ಲಿದೆ ಈಗ?”

“ಡಿಪೋ ಕ್ಯಾಂಟೀನಲ್ಲಿ.”

“ಕರ್ಕೊಂಡು ಬಾ. ಅವಳೂ ಮಲಗಿ ನೋಡಲಿ.”

ಡ್ರೈವರಮ್ಮ ಬೇಲಿಗಿಡಗಳ ಪಕ್ಕದಲ್ಲಿ ಅರ್ಧ ನಡೆದು ಅರ್ಧ ಓಡಿದಳು. ಕ್ಯಾಂಟೀನಿನಲ್ಲಿ ಮಿಡತೆ ಕೌಂಟರಿನ ಮೇಲೆಯೇ ಹತ್ತಿ ಕೂತು, ಬಂದ ಕಂಡಕ್ಟರುಗಳಿಗೆಲ್ಲ ಬನ್ನು ಎತ್ತಿ ಕೊಡುತ್ತಿದ್ದಳು. “ಸಿಕ್ತಾ ಬೀಗದ ಕೈ?” ಎಂದು ಅಕ್ಕ ಕೂಗಿದಳು. “ಇನ್ನೂ ಪರೀಕ್ಷೆ ಇದೆ,” ಎಂದಳು ಡ್ರೈವರಮ್ಮ. “ಮಲಗೋ ಪರೀಕ್ಷೆ.” ಯಾಕೆಂದು ಅಕ್ಕನಿಗೆ ಅರ್ಥವಾಗಲಿಲ್ಲ, ಆದರೂ “ಇವಳಿಗಾ? ಮುಗೀತು ಬಿಡು,” ಎಂದು ನಕ್ಕಳು.

ದಾರಿಯಲ್ಲಿ ಮಗುವಿನ ಕೈ ಅವಳ ಕೈಯಲ್ಲಿತ್ತು. ಬನ್ನಿನ ಸಕ್ಕರೆ ಅಂಟಿದ ಕೈ. “ಅಲ್ಲಿ ಹೋಗಿ ಮಲಗಬೇಕು, ಗೊತ್ತಾಯ್ತಾ?” ಎಂದು ಹೇಳುತ್ತ ನಡೆದಳು. ಅದೇ ಬೀದಿಯಲ್ಲಿ ಅವ್ವನಿಗೆ ಹೇಳಿದ್ದು ನೆನಪಾಗಿ ಅವಳಿಗೇ ನಗು ಬಂತು.

ಮಿಡತೆ ಹೊಸ ಮನೆಯೊಳಗೆ ಕಾಲಿಟ್ಟವಳೇ ಒಂದು ಸುತ್ತು ಓಡಿದಳು. ಖಾಲಿ ಕೋಣೆಯಲ್ಲಿ ಕೂಗಿದರೆ ದನಿ ತಿರುಗಿ ಬರುತ್ತದೆ ಎಂದು ತಿಳಿದು ಮತ್ತೆ ಮತ್ತೆ ಕೂಗಿದಳು. ಇವರು ಹಲ್ಲಿನ ಡಾಕ್ಟರು ಎಂದು ಕೇಳಿದೊಡನೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. “ನಾನು ಕೀಳಲ್ಲ,” ಎಂದರು ಡಾಕ್ಟರಮ್ಮ. “ತಾನಾಗೇ ಬಿದ್ದಿದೆ,” ಎಂದು ಮಿಡತೆ ಕೈಗಳ ಸಂದಿನಿಂದ ಹೇಳಿ, ಆಮೇಲೆ ಕೈ ತೆಗೆದು ಮುಂದಿನ ಖಾಲಿ ಜಾಗ ತೋರಿಸಿದಳು.

ಮಲಗು ಎಂದರೆ ಮಲಗಿದಳು. ಮರುಗಳಿಗೆ ಎದ್ದಳು. ಕಿಟಕಿಯಾಚೆ ಬೆಕ್ಕು ಕಂಡಿತು. ನೀರು ಬೇಕಾಯಿತು. ಡಾಕ್ಟರಮ್ಮನ ಕೋಲು ಯಾವ ಮರದ್ದೆಂದು ಕೇಳಬೇಕಾಯಿತು. ಡಾಕ್ಟರಮ್ಮ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದರು; ಬ್ರೋಕರ್ ಗಡಿಯಾರ ನೋಡಿಕೊಂಡು ಮೆಲ್ಲಗೆ ಜಾರಿಕೊಂಡಿದ್ದ. ಡ್ರೈವರಮ್ಮ ಅವಳನ್ನು ಮತ್ತೆ ಎಳೆದು ಮಲಗಿಸಿದಳು.

“ಮಲಗೇ ನನ್ನ ಚಿನ್ನ. ಕಣ್ಣು ಮುಚ್ಚು.”

“ಮುಚ್ಚಿದೀನಿ. ಒಳಗೆ ಎಚ್ಚರ ಇದೆ.”

“ಗದರಿಸಿದ್ರೆ ನಿದ್ದೆ ಬರುತ್ತಾ?” ಎಂದಳು ಅವ್ವ, ಕಂಬಳಿಯನ್ನು ಬಿಡಿಸಿ ಹಾಸುತ್ತ. “ನೀನು ಆ ಕಡೆ ಮಲಗು, ನಾನು ಈ ಕಡೆ. ನಡುವೆ ಹಾಕ್ಕೊಳ್ಳೋಣ.”

“ಇವರ ಮುಂದೆ ನಾನು ಹೆಂಗವ್ವಾ...”

“ನನ್ನ ಮುಂದೆ ಕಾಲು ಚಾಚಿ ಒರಗಿದವರಿಗೆ ಲೆಕ್ಕ ಇಲ್ಲಮ್ಮ,” ಎಂದರು ಡಾಕ್ಟರಮ್ಮ. “ಮಲಗು.”

ಅವಳು ಗೋಡೆಯ ಕಡೆ ಮಲಗಿದಳು. ಕಂಬಳಿಗೆ ಹಳ್ಳಿಯ ವಾಸನೆಯಿತ್ತು. ಹಗಲಿನಲ್ಲಿ ಮಗುವಿನ ಪಕ್ಕ ಹೀಗೆ ಒರಗಿ ಎಷ್ಟು ಕಾಲವಾಯಿತೆಂದು ನೆನೆಯಲು ಹೋದರೆ ನೆನಪಾಗಲಿಲ್ಲ. ಮಿಡತೆ ಅತ್ತ ಒಮ್ಮೆ, ಇತ್ತ ಒಮ್ಮೆ ಹೊರಳಿ, ಕೊನೆಗೆ ಒಂದು ಕಾಲನ್ನು ತಾಯಿಯ ಹೊಟ್ಟೆಯ ಮೇಲೆ ಹಾಕಿದಳು.

ಆಗ ದೂರದಲ್ಲಿ ಎಲ್ಲೋ ಶುರುವಾಯಿತು. ಮೊದಲು ಅಂಗೈಗೆ, ಆಮೇಲೆ ಬೆನ್ನಿಗೆ, ಆಮೇಲೆ ಕಿವಿಗೆ. ಡ್ರೈವರಮ್ಮ ಉಸಿರು ಬಿಗಿಹಿಡಿದಳು. ಮಗು ಬೆಚ್ಚೀತೇ ಎಂದು ಹೊಟ್ಟೆಯ ಮೇಲಿನ ಪುಟ್ಟ ಕಾಲನ್ನೇ ಕಾಯುತ್ತಿದ್ದಳು. ಕಾಲು ಹಾಗೇ ಇತ್ತು.

“ಅಜ್ಜೀ,” ಎಂದು ಮಿಡತೆ ಪಿಸುಗುಟ್ಟಿದಳು, “ಕುರಿ.”

“ಹೂಂ. ಹೋಗಲಿ ಬಿಡು.”

“ಬಹಳ ಇವೆ.”

“ಇರಲಿ. ಉದ್ದದ ಮಂದೆ.”

ರೈಲು ಹೋಯಿತು. ಆದರೂ ಮಗು ಮಲಗಲಿಲ್ಲ. ಬೆರಳುಗಳು ಕಂಬಳಿಯ ನೂಲು ಎಳೆಯುತ್ತಿದ್ದವು. ಈಗ ಡಾಕ್ಟರಮ್ಮನಿಗೆ ಏನು ಹೇಳಬೇಕು ಎಂದು ಡ್ರೈವರಮ್ಮ ಯೋಚಿಸಿದಳು. ಹೊಸ ಜಾಗವಲ್ಲವೇ, ಇವತ್ತು ಬೇಡ, ನಾಳೆ ಮತ್ತೊಮ್ಮೆ ಕರೆತರುತ್ತೇನೆ, ಅವಳು ಅಳುವ ಮಗುವಲ್ಲ, ಎಂದು ಮಾತುಗಳನ್ನು ಒಂದರ ಹಿಂದೊಂದು ನಿಲ್ಲಿಸಿಕೊಂಡಳು. ಎದ್ದು ಕೂತು ಹೇಳಬೇಕು. ಈ ಗಳಿಗೆ ಎದ್ದು ಕೂರಬೇಕು. ಮಾತುಗಳು ಸಾಲು ತಪ್ಪಿ, ಒಂದನ್ನೊಂದು ನೂಕಿಕೊಂಡು, ಬಿಸಿಲಿನಲ್ಲಿ ಎತ್ತಲೋ ನಡೆದುಹೋದವು.

ಎಲ್ಲೋ ಬಹಳ ಮೇಲಿನಿಂದ ಎಂಬಂತೆ ತಗ್ಗಿದ ದನಿಯೊಂದು ಕೇಳಿಸಿತು. “ಬಂತಾ ಪುಟ್ಟಾ ನಿದ್ದೆ?”

“ನನಗೆ ಬಂದಿಲ್ಲ.” ಅದಕ್ಕಿಂತಲೂ ತಗ್ಗಿದ ದನಿ. “ಶ್... ನೀವು ಮಾತಾಡಬೇಡಿ. ಅಮ್ಮ ಮಲಗಿದ್ದಾಳೆ. ಎದ್ದುಬಿಡ್ತಾಳೆ.”

ಕುರ್ಚಿ ಕಿರ್ ಎಂದಿತು. ಊರುಗೋಲಿನ ಟಕ್ ಟಕ್ ಈಗ ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಕೋಲನ್ನು ನೆಲಕ್ಕೆ ತಾಗಿಸದೆ, ಗೋಡೆ ಹಿಡಿದುಕೊಂಡು ಯಾರೋ ಒಂದೊಂದೇ ಹೆಜ್ಜೆ ಇಟ್ಟು ಹೋದಂತೆ, ಬಾಗಿಲನ್ನು ಬಹಳ ನಿಧಾನಕ್ಕೆ ಮುಂದೆ ಮಾಡಿಕೊಂಡಂತೆ ಅನ್ನಿಸಿತು. ಕಣ್ಣು ತೆರೆಯಬೇಕು ಎಂದುಕೊಂಡಳು. ಸಕ್ಕರೆ ಅಂಟಿದ ಪುಟ್ಟ ಕೈಯೊಂದು ಅವಳ ಕೆನ್ನೆಯ ಮೇಲೆ ಇತ್ತು, ತೆರೆಯಲಿಲ್ಲ.

ನೆಲದಡಿ ಮತ್ತೊಂದು ರೈಲು ಬಂತು. ಕಿಟಕಿಯ ಕಟ್ಟೆಯ ಮೇಲೆ ಇಟ್ಟುಹೋಗಿದ್ದ ಬೀಗದ ಕೈಗಳ ಗೊಂಚಲು, ಅದು ದಾಟುವವರೆಗೂ, ಸಣ್ಣಗೆ ಕಿಣಿಗುಟ್ಟುತ್ತಲೇ ಇತ್ತು.